ಹಾಸನದಿಂದ ಒಂದೊಂದು ದಿನದ ದಾರಿಯಲ್ಲಿ ಮೂರು ಕೋಟೆಗಳು: ನನ್ನ ಅನುಭವ

ಹಾಸನದಲ್ಲಿ ಮನೆಯಿರುವವರಿಗೆ ಒಂದು ಅನುಕೂಲವಿದೆ. ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರುವಷ್ಟು ದೂರದಲ್ಲೇ, ಹೊಯ್ಸಳರ ಆರಂಭದ ದಿನಗಳಿಂದ ಟಿಪ್ಪು ಸುಲ್ತಾನನ ಕಾಲದವರೆಗಿನ ಕೋಟೆಗಳಿವೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗ, ಹಳೇಬೀಡನ್ನು (ಅದರ ಹಳೆಯ ಹೆಸರು ದೋರಸಮುದ್ರ, ಹೊಯ್ಸಳರ ರಾಜಧಾನಿ) ಸುತ್ತುವರಿದಿದ್ದ ಕೋಟೆಗೋಡೆ, ಸಕಲೇಶಪುರದಾಚೆಯ ಮಂಜರಾಬಾದ್, ಈ ಮೂರನ್ನು ಬೇರೆ ಬೇರೆ ದಿನ ನೋಡಿದರೂ ಒಂದೇ ಓದಿನ ಮೂರು ಅಧ್ಯಾಯಗಳೆಂದು ತಿಳಿದು ನೋಡಬೇಕೆಂಬುದು ವರ್ಷಗಳ ಓಡಾಟದಿಂದ ನನಗೆ ಮೂಡಿದ ಅಭಿಪ್ರಾಯ. ಅದಕ್ಕೆ ನಾನು ರೂಢಿಸಿಕೊಂಡ ಕ್ರಮ ಸರಳವಾದದ್ದು. ಒಂದು ದಿನಕ್ಕೆ ಒಂದೇ ಕೋಟೆ. ಅದನ್ನೂ ಮೊದಲು ಹೊರಗಿನಿಂದ ಸುತ್ತಿ, ಆಮೇಲೆ ಒಳಗೆ ಹೋಗುವುದು. ಕೋಟೆಯನ್ನು ಕಟ್ಟಿದ್ದೇ ಹೊರಗೆ ನಿಂತವನಿಗಾಗಿ. ಅವನು ಎಲ್ಲಿಂದ ಬರುತ್ತಿದ್ದ, ಅವನ ಕೈಯಲ್ಲಿ ಯಾವ ಆಯುಧವಿತ್ತು ಎಂಬುದು ಗೋಡೆಯ ಎತ್ತರ, ದಪ್ಪ ಮತ್ತು ತಿರುವುಗಳಲ್ಲಿ ಕಾಣುತ್ತದೆ. ಹೆಬ್ಬಾಗಿಲಿನಲ್ಲಿ ನೇರವಾಗಿ ಒಳನುಗ್ಗಿ ಫೋಟೊ ತೆಗೆದು ಹೊರಬಂದರೆ ಇದಾವುದೂ ಕಣ್ಣಿಗೆ ಬೀಳುವುದಿಲ್ಲ.

ಹೊರಡುವ ಹಿಂದಿನ ದಿನ ಆ ಸ್ಥಳದ ಉಪಗ್ರಹ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿಕೊಳ್ಳುತ್ತೇನೆ. ಘಟ್ಟದಂಚಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಭರವಸೆಯಿಲ್ಲ. ಮಡಿಸಿ ಜೇಬಿನಲ್ಲಿಟ್ಟ ಕಾಗದ ಕೈಕೊಡುವುದಿಲ್ಲ. ಬುತ್ತಿಗೆ ಅಕ್ಕಿರೊಟ್ಟಿ, ಚಟ್ನಿಪುಡಿ, ಬೇಕಾದಷ್ಟು ನೀರು. ಮಳೆ ನಿಂತ ಮೇಲೂ ಕೆಲವು ವಾರ ಮಲೆನಾಡಿನ ಹುಲ್ಲಿನಲ್ಲಿ ಇಂಬಳ ಇರುವುದರಿಂದ, ಹೊಗೆಸೊಪ್ಪು ಮತ್ತು ಸುಣ್ಣವನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಒದ್ದೆ ಮಾಡಿಕೊಂಡು ಕಾಲಿಗೆ ಸವರಿಕೊಳ್ಳುತ್ತೇನೆ. ತೋಟದ ಕೆಲಸದವರಿಂದ ಕಲಿತದ್ದು ಇದು, ಅಂಗಡಿಯ ಯಾವ ಎಣ್ಣೆಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಬಲ್ಲಾಳರಾಯನ ದುರ್ಗಕ್ಕೆ ಹೋಗುವವರು ದಾರಿಯಲ್ಲಿ ಅಂಗಡಿ ಗ್ರಾಮಕ್ಕೆ ಹೋಗಿಬರುವುದು ಒಳ್ಳೆಯದೆಂದು ನನ್ನ ಸಲಹೆ. ಶಾಸನಗಳ ಸೊಸೆವೂರು ಇದೇ. ಹೊಯ್ಸಳರ ಮೂಲ ನೆಲೆ. ವಾಸಂತಿಕಾ ದೇವಿಯ ಗುಡಿ, ಪಾಳುಬಿದ್ದ ಬಸದಿಗಳು, ಸುತ್ತ ಕಾಫಿ ತೋಟ. ಮುಂದೆ ಬೇಲೂರನ್ನೂ ದೋರಸಮುದ್ರವನ್ನೂ ಕಟ್ಟಿದ ಮನೆತನ ಮೊದಲು ಮಲೆಯ ನಾಯಕರ ಮನೆತನವಾಗಿತ್ತು ಎಂಬುದು ಇಲ್ಲಿ ನಿಂತಾಗ ಮನಸ್ಸಿಗೆ ಇಳಿಯುತ್ತದೆ, ಮತ್ತು ಅಂಥವರಿಗೆ ಘಟ್ಟದ ನೆತ್ತಿಯ ದುರ್ಗ ಏಕೆ ಬೇಕಾಗಿತ್ತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ.

ದುರ್ಗದ ಬುಡದಲ್ಲಿ ಕಾಲಭೈರವೇಶ್ವರ ದೇವಸ್ಥಾನವಿದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿಯೂ ಮಳೆ ಜೋರಾದಾಗಲೂ ದಾರಿ ಮುಚ್ಚುವುದುಂಟು, ಆದ್ದರಿಂದ ವಿಚಾರಿಸದೆ ಮನೆ ಬಿಡಬಾರದು. ಏರಿನ ಮೊದಲ ಭಾಗದಲ್ಲಿ ಕಾಡಿನ ನೆರಳಿದ್ದರೆ, ಮೇಲೆ ಬರೀ ಹುಲ್ಲುಗಾವಲು. ಸುಮಾರು 1500 ಮೀಟರ್ ಎತ್ತರದ ಆ ಬೆನ್ನಿನ ಮೇಲೆ ಕಲ್ಲಿನ ಗೋಡೆಯ ಸಾಲು, ಬಾಗಿಲಿನ ಅವಶೇಷ ಉಳಿದಿವೆ. ಹೊಯ್ಸಳ ದೊರೆ ಒಂದನೇ ಬಲ್ಲಾಳನ ಕಾಲದ್ದೆಂದು ಪ್ರತೀತಿ. ಗೋಡೆಯನ್ನು ಹಿಡಿದು ನಡೆಯುತ್ತ ಹೋದರೆ, ಕಟ್ಟಿದವರು ಕಲ್ಲನ್ನೂ ಶ್ರಮವನ್ನೂ ಎಷ್ಟು ಎಣಿಸಿ ಬಳಸಿದ್ದಾರೆಂಬುದು ತಿಳಿಯುತ್ತದೆ: ಮನುಷ್ಯ ಹತ್ತಬಲ್ಲ ಇಳಿಜಾರಿಗೆ ಗೋಡೆಯನ್ನು ಅಡ್ಡ ಹಾಕಿದ್ದಾರೆ, ಬೆಟ್ಟ ತಾನಾಗಿಯೇ ಪ್ರಪಾತವಾಗುವ ಕಡೆ ಆ ಕೆಲಸವನ್ನು ಬೆಟ್ಟಕ್ಕೇ ಬಿಟ್ಟಿದ್ದಾರೆ. ಆನೆ, ಕುದುರೆ, ಕಾಲಾಳು ಮತ್ತು ಬಿಲ್ಲುಬಾಣಗಳ ಯುದ್ಧಕ್ಕೆ ಇಷ್ಟು ಸಾಕಾಗಿತ್ತು. ಮಧ್ಯಾಹ್ನದ ಮೇಲೆ ಕರಾವಳಿಯ ಕಡೆಯಿಂದ ಮಂಜು ಏರತೊಡಗಿದರೆ ಹತ್ತು ಹೆಜ್ಜೆ ಮುಂದಿನ ದಾರಿಯೂ ಕಾಣಿಸುವುದಿಲ್ಲ. "ಎರಡು ಗಂಟೆಗೆ ಇಳಿಯೋಕೆ ಶುರು ಮಾಡ್ರಿ ಸ್ವಾಮಿ, ಮಂಜು ಯಾರನ್ನೂ ಕೇಳಿ ಬರಲ್ಲ" ಎಂದು ಕೆಳಗಿನ ಹಳ್ಳಿಯ ಅಜ್ಜನೊಬ್ಬರು ಹೇಳಿದ ಮಾತನ್ನು ನಾನು ಪ್ರತಿ ಸಲವೂ ಪಾಲಿಸುತ್ತೇನೆ.

ಹಳೇಬೀಡಿನಲ್ಲಿ ಏರು ಇಲ್ಲ, ಅನುಮತಿಯ ತೊಡಕೂ ಇಲ್ಲ. ಆದರೂ ಅಲ್ಲಿನ ಕೋಟೆಯನ್ನು ನೋಡಿದವರು ಕಡಿಮೆ. ಹೊಯ್ಸಳೇಶ್ವರ ದೇವಾಲಯ 2023ರಲ್ಲಿ ಬೇಲೂರು ಮತ್ತು ಸೋಮನಾಥಪುರಗಳ ದೇವಾಲಯಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಾಗಿದ್ದಾರೆ, ಸಂತೋಷದ ಸಂಗತಿಯೇ. ಆ ದೇವಾಲಯವನ್ನು ಒಡಲಲ್ಲಿಟ್ಟುಕೊಂಡಿದ್ದ ರಾಜಧಾನಿಯ ಕೋಟೆಗೋಡೆ ಮಾತ್ರ ಮನೆಗಳ ಹಿಂದೆ, ಹೊಲಗಳ ಬದುವಿನಲ್ಲಿ, ತೋಟಗಳ ಅಂಚಿನಲ್ಲಿ ತುಂಡು ತುಂಡಾಗಿ ಉಳಿದಿದೆ. ಅದನ್ನು ಹಿಡಿದು ನಡೆಯಬೇಕೆಂದರೆ ಹೊಲದವರನ್ನು ಕೇಳಿಯೇ ಹೋಗಬೇಕು. "ಹೋಗಿ ಸಾರ್, ಶುಂಠಿ ಸಾಲು ಮಾತ್ರ ತುಳೀಬೇಡಿ" ಎನ್ನುತ್ತಾರೆ. ಬೇಡವೆಂದವರು ನನಗೆ ಇದುವರೆಗೆ ಸಿಕ್ಕಿಲ್ಲ. ದಪ್ಪ ಕಲ್ಲುಗಳ ಸಂದಿನಲ್ಲಿ ಬೆರಳಿಟ್ಟು ನೋಡಿದರೆ ಗಾರೆ ಇಲ್ಲ. ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸಿದೆ. ಸ್ವಲ್ಪವೇ ದೂರದಲ್ಲಿರುವ ದೇವಾಲಯದ ಬಳಪದ ಕಲ್ಲಿನ ನಯವಾದ ಕೆತ್ತನೆಯನ್ನು ಬೆಳಿಗ್ಗೆ ನೋಡಿ, ಮಧ್ಯಾಹ್ನ ಈ ಒರಟು ಗೋಡೆಯನ್ನು ಮುಟ್ಟಿದವನಿಗೆ ಒಂದೇ ರಾಜ್ಯದ ಎರಡು ಮುಖಗಳ ಪರಿಚಯವಾಗುತ್ತದೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ಸೈನ್ಯ ಈ ಗೋಡೆಯ ಹೊರಗೆ ಬಂದು ನಿಂತಾಗ ಹೊಯ್ಸಳ ದೊರೆ ಮೂರನೇ ಬಲ್ಲಾಳ ಸಂಪತ್ತನ್ನು ಒಪ್ಪಿಸಿ ಸಂಧಿ ಮಾಡಿಕೊಳ್ಳಬೇಕಾಯಿತು. ನಾನು ಗೋಡೆಯ ಹೊರಬದಿಯಲ್ಲಿ ನಿಂತಾಗಲೆಲ್ಲ ಆ ಸಂಗತಿ ನೆನಪಾಗುತ್ತದೆ: ಬಯಲುಸೀಮೆಗೆ ಹತ್ತಿರದ ಈ ಸಮತಟ್ಟು ನೆಲದಲ್ಲಿ ಬೆಟ್ಟದ ಸಹಾಯವಿರಲಿಲ್ಲ, ಎಲ್ಲವನ್ನೂ ಗೋಡೆಯೇ ಹೊರಬೇಕಾಗಿತ್ತು. ಸಮಯವಿದ್ದರೆ ಹತ್ತಿರದ ಹುಲಿಕೆರೆಯ ಕಲ್ಯಾಣಿಯನ್ನೂ ನೋಡಬೇಕು, ಮೆಟ್ಟಿಲುಗಳ ನಡುವೆ ಪುಟ್ಟ ಗುಡಿಗಳನ್ನು ಕೂರಿಸಿದ ಬಗೆ ಅಪರೂಪದ್ದು.

ಮಂಜರಾಬಾದಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವ ಕ್ರಮ ಅತಿ ಹೆಚ್ಚು ಫಲ ಕೊಡುವುದು ಇಲ್ಲಿ. ಟಿಪ್ಪು ಇದನ್ನು ಪೂರ್ಣಗೊಳಿಸಿದ್ದು 1792ರಲ್ಲಿ. ಅದಕ್ಕೂ ಮುಂಚೆ 1791ರಲ್ಲಿ ಬ್ರಿಟಿಷರ ಬೊಂಬಾಯಿ ಸೈನ್ಯ ಮಲಬಾರಿನ ಕರಾವಳಿಯಿಂದ ಕೊಡಗಿನ ಮೂಲಕ ಘಟ್ಟ ಹತ್ತಿತ್ತು. ಪಡುವಣ ಕರಾವಳಿಯಿಂದ ಮೇಲೇರುವ ಪ್ರತಿಯೊಂದು ದಾರಿಯೂ ಮೈಸೂರಿಗೆ ಅಪಾಯದ ಬಾಗಿಲಾಗಿತ್ತು. ಇಂದಿನ ಬೆಂಗಳೂರು–ಮಂಗಳೂರು ಹೆದ್ದಾರಿ ಶಿರಾಡಿ ಘಾಟಿಗೆ ಇಳಿಯುವ ಮುಂಚೆ, ದೋಣಿಗಾಲದ ಹತ್ತಿರ, ಆ ದಾರಿಯ ಮೇಲೆಯೇ ಕಣ್ಣಿಟ್ಟು ಕೋಟೆ ಕುಳಿತಿದೆ. ರಸ್ತೆಯಿಂದ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು.

ಎಂಟು ಮೂಲೆಯ ನಕ್ಷತ್ರದ ಆಕಾರವೆಂದು ಎಲ್ಲರಿಗೂ ಗೊತ್ತು, ಡ್ರೋನ್ ಚಿತ್ರಗಳಲ್ಲಿ ಎಲ್ಲರೂ ನೋಡಿದ್ದಾರೆ. ನೆಲದ ಮೇಲೆ ನಿಂತವನಿಗೆ ನಕ್ಷತ್ರ ಕಾಣುವುದಿಲ್ಲ. ತಗ್ಗಾದ, ದಪ್ಪನೆಯ ಗೋಡೆ ಮತ್ತೆ ಮತ್ತೆ ಮುಂದೆ ಚಾಚಿ ಹಿಂದೆ ಸರಿಯುವುದಷ್ಟೇ ಕಾಣುತ್ತದೆ. ಹಾಗೇಕೆ ಎಂಬುದನ್ನು ತಿಳಿಯಲು ಪೊದೆ ಒಣಗಿದ ಫೆಬ್ರವರಿಯಲ್ಲಿ ಅಕ್ಕನ ಮಗನನ್ನು ಜೊತೆಗೆ ಕರೆದುಕೊಂಡು ಹೋದೆ. ಅವನನ್ನು ಒಳಗೆ ಬಂದೂಕಿನ ಕಿಂಡಿಯ ಬಳಿ ನಿಲ್ಲಿಸಿ, ನಾನು ಕಂದಕದ ಅಂಚಿನಲ್ಲಿ ಪಕ್ಕದ ಗೋಡೆಯ ಬುಡಕ್ಕೆ ಒತ್ತಿಕೊಂಡು ಅಡಗಲು ಜಾಗ ಹುಡುಕಿದೆ. "ಮಾವ, ಕಾಣ್ತಾ ಇದ್ದೀರಿ" ಎಂದು ಮೇಲಿನಿಂದ ಕೂಗಿದ. ಇನ್ನಷ್ಟು ಸರಿದೆ. "ಈಗಲೂ ಕಾಣ್ತೀರಿ ಮಾವ, ಚಪ್ಪಲಿ ಸಮೇತ." ಒಂದು ಕೊತ್ತಲದ, ಅಂದರೆ ಗೋಡೆಯಿಂದ ಮುಂದೆ ಚಾಚಿದ ಮೂಲೆಯ, ಬುಡದಲ್ಲಿ ನಿಂತವನು ಆ ಕೊತ್ತಲದವರ ಕಣ್ಣಿಗೆ ಬೀಳದಿದ್ದರೂ ನೆರೆಯ ಕೊತ್ತಲದ ಕಿಂಡಿಗೆ ಎದುರಾಗಿಯೇ ಇರುತ್ತಾನೆ. ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ (1633–1707) ಪರಿಪೂರ್ಣಗೊಳಿಸಿದ ವಿಧಾನ ಇದು. ಎತ್ತರದ ನೇರ ಗೋಡೆಯನ್ನು ಫಿರಂಗಿ ಗುಂಡು ಸುಲಭವಾಗಿ ಉರುಳಿಸುತ್ತದೆ. ಆದ್ದರಿಂದ ಗೋಡೆ ತಗ್ಗಿತು, ದಪ್ಪವಾಯಿತು, ಮೂಲೆಗಳನ್ನು ಚಾಚಿತು. ಟಿಪ್ಪುವಿಗೆ ಫ್ರೆಂಚರ ಸ್ನೇಹವಿದ್ದುದರಿಂದ ಆ ವಿದ್ಯೆ ನಮ್ಮ ಮಲೆನಾಡಿನ ಗುಡ್ಡಕ್ಕೂ ಬಂತು. ಬಲ್ಲಾಳರಾಯನ ದುರ್ಗವನ್ನೂ ದೋರಸಮುದ್ರವನ್ನೂ ಮೊದಲೇ ನೋಡಿದ್ದವನಿಗೆ, ಮದ್ದುಗುಂಡು ಬಂದ ಮೇಲೆ ಕೋಟೆ ಕಟ್ಟುವವರ ಯೋಚನೆ ಎಷ್ಟು ಬದಲಾಯಿತೆಂಬುದು ಆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ಆಮೇಲೆ ಒಳಗೆ ಬನ್ನಿ. ಕಿಂಡಿಯೊಂದರ ಮುಂದೆ ಕುಳಿತು ಸಾವಕಾಶವಾಗಿ ನೋಡಿದರೆ ಅದು ಒಳಬದಿಯಲ್ಲಿ ಅಗಲವಾಗಿದ್ದು ಹೊರಕ್ಕೆ ಹೋಗುತ್ತ ಕಿರಿದಾಗುತ್ತದೆ. ಬಂದೂಕನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಒಳಗೆ ಜಾಗ, ಹೊರಗಿನವನಿಗೆ ಗುರಿಯಿಡಲು ಬರೀ ಸೀಳು. ಹೊರಗೋಡೆಗೆ ಕಣಶಿಲೆ, ಒಳಗಿನ ಕಟ್ಟಡಗಳಿಗೆ ಸುಟ್ಟ ಇಟ್ಟಿಗೆ ಮತ್ತು ಸುಣ್ಣದ ಗಾರೆ. ನಡುವೆ ಶಿಲುಬೆಯಾಕಾರದ ಕೊಳ, ನಾಲ್ಕು ಕಡೆಯಿಂದಲೂ ಇಳಿಯಲು ಮೆಟ್ಟಿಲು. ಅದರ ಸಮೀಪದಲ್ಲಿ ನೆಲದೊಳಗೆ ಅರ್ಧ ಹುದುಗಿದ ಎರಡು ಕೋಣೆಗಳು ಮದ್ದಿನ ಮನೆಗಳಾಗಿದ್ದವೆಂದು ಹೇಳುತ್ತಾರೆ. ಬಿಸಿಲಿನಿಂದ ಒಳಗೆ ಇಳಿದಾಗ ಮೈಗೆ ತಾಗುವ ತಂಪೇ ಆ ಮಾತನ್ನು ನಂಬಿಸುತ್ತದೆ. ಭಾನುವಾರ ಹತ್ತು ಗಂಟೆಯ ನಂತರ ಇಲ್ಲಿ ಜನಜಂಗುಳಿ. ಬೆಳಗಿನ ಓರೆ ಬಿಸಿಲಿನಲ್ಲಿ ಉಳಿಯ ಗುರುತುಗಳೂ ಸ್ಪಷ್ಟವಾಗಿ ಕಾಣುವುದರಿಂದ ಬೇಗ ಹೋಗುವುದು ಮೇಲು. ಗೋಡೆಯ ಮೇಲೆ ನಡೆಯುವವರು ಒದ್ದೆ ಪಾಚಿಯ ಬಗ್ಗೆ ಎಚ್ಚರವಹಿಸಬೇಕು, ಮಳೆಗಾಲದಲ್ಲಿ ನಾನು ಮೇಲೆ ಹತ್ತುವುದೇ ಇಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ಅಭ್ಯಾಸ ಸೇರಿಕೊಂಡಿದೆ. ಪ್ರತಿ ಕೋಟೆಯಲ್ಲಿಯೂ ಕೆಲವು ಸ್ಥಳಗಳನ್ನು ಗುರುತು ಮಾಡಿಟ್ಟುಕೊಂಡು, ಹೋದಾಗಲೆಲ್ಲ ಅದೇ ಜಾಗದಲ್ಲಿ ನಿಂತು ಅದೇ ಕೋನದಿಂದ ಫೋಟೊ ತೆಗೆಯುತ್ತೇನೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟರೆ ಜಾರಿದ ಕಲ್ಲು, ಹೊಸದಾಗಿ ಗೀಚಿದ ಹೆಸರು, ನಿಧಿಯಾಸೆಗೆ ಅಗೆದ ಗುಂಡಿ ಎಲ್ಲವೂ ತಿಳಿಯುತ್ತವೆ. ಅಂಥದ್ದು ಕಂಡಾಗ ದಿನಾಂಕ ಬರೆದ ಚಿತ್ರಗಳೊಂದಿಗೆ ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಪತ್ರ ಬರೆಯುತ್ತೇನೆ. ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿ, ಅತ್ತಿ ಸಸಿಗಳನ್ನು ಮಾತ್ರ ಕೀಳಲು ಹೋಗುವುದಿಲ್ಲ. ಬೇರು ಆಗಲೇ ಒಳಗೆ ಹರಡಿರುತ್ತದೆ, ಜಗ್ಗಿದರೆ ಸಸಿಯೊಂದಿಗೆ ಕಲ್ಲೂ ಸಡಿಲವಾಗುತ್ತದೆ. ಅವುಗಳ ಚಿತ್ರ ತೆಗೆದು, ಯಾವ ಕೊತ್ತಲ, ನೆಲದಿಂದ ಎಷ್ಟನೇ ಸಾಲಿನ ಕಲ್ಲು ಎಂಬುದನ್ನು ಪತ್ರದಲ್ಲಿ ನಮೂದಿಸುತ್ತೇನೆ.