ಸೇಬಿನ ಮಫಿನ್: ಹಣ್ಣಿನ ನೀರಿನ ಲೆಕ್ಕ

ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಪಾಲು ನೀರು. ಸೇಬಿನ ಮಫಿನ್ ಕೆಡುವುದು ಬಹುತೇಕ ಈ ನೀರಿನಿಂದಲೇ. ಹೋಳಿನ ಸುತ್ತ ಅಂಟಂಟು, ತಳ ಒದ್ದೆ, ಓವನ್‌ನಿಂದ ತೆಗೆದ ಮೇಲೆ ನಡುವೆ ತಗ್ಗು. ಹೊರದೇಶದ ಎಷ್ಟೋ ಪಾಕವಿಧಾನಗಳು ಗಟ್ಟಿಯಾದ ಹುಳಿ ಸೇಬನ್ನು ನೆಚ್ಚಿಕೊಂಡಿರುತ್ತವೆ. ನಮ್ಮ ತಳ್ಳುಗಾಡಿಯಲ್ಲಿ ಸಿಗುವುದು ಸಿಹಿಯಾದ, ಬೇಗ ಮೆತ್ತಗಾಗುವ ಹಣ್ಣು. ಅದೇ ಅಳತೆಯನ್ನು ಇಲ್ಲಿಗೆ ಎತ್ತಿಕೊಂಡು ಬಂದರೆ ಸಿಹಿ ಹೆಚ್ಚಾಗುತ್ತದೆ, ಸೇಬಿನ ರುಚಿ ಮಾತ್ರ ಕಾಣೆ. ನಾನು ಈಗ ಮಾಡುವ ಅಳತೆ ನಮ್ಮ ಹಣ್ಣಿಗೆ ಹೊಂದಿಸಿಕೊಂಡದ್ದು.

ಹಿಮಾಚಲದ ಹೊಸ ಹಣ್ಣು ಜುಲೈ ಹೊತ್ತಿಗೆ ಬರತೊಡಗುತ್ತದೆ, ಕಾಶ್ಮೀರದ ಮುಖ್ಯ ಫಸಲು ಸೆಪ್ಟೆಂಬರ್‌ನಿಂದ. ಆಗಸ್ಟ್‌ನಿಂದ ನವೆಂಬರ್‌ವರೆಗಿನ ಹಣ್ಣು ಬೇಕ್ ಮಾಡಲು ಚೆನ್ನ. ಹಿಮಾಚಲದ ಕಿನ್ನೌರಿನದು ಸಿಕ್ಕರೆ ಬಿಡಬೇಡಿ, ಅದು ಗಟ್ಟಿ, ಬೆಂದ ಮೇಲೂ ಹೋಳು ಹೋಳಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಸಿಗುವ ಕೋಲ್ಡ್ ಸ್ಟೋರೇಜ್ ಹಣ್ಣು ಹೊರಗೆ ಫಳಫಳ ಹೊಳೆಯುತ್ತದೆ, ಒಳಗೆ ಪುಡಿಪುಡಿ. ಹೆಬ್ಬೆರಳಿನಿಂದ ಒತ್ತಿದಾಗ ತಗ್ಗುವ ಹಣ್ಣು ಬೇಡ. ಆಮದಾಗಿ ಬರುವ ಹಸಿರು ಗ್ರ್ಯಾನಿ ಸ್ಮಿತ್ ದುಬಾರಿ. ಈ ಅಳತೆಗೆ ಬೇಕಾದ ಎರಡು ಹಣ್ಣಿನಲ್ಲಿ ಒಂದು ಅದಾದರೂ ಸಾಕು, ಹುಳಿ ಬಂದುಬಿಡುತ್ತದೆ. ಅದಿಲ್ಲದಿದ್ದರೆ ನಿಂಬೆರಸ ಇದ್ದೇ ಇದೆ.

ಅಳತೆ ಹನ್ನೆರಡು ಮಫಿನ್‌ಗೆ. ಮೈದಾ 220 ಗ್ರಾಂ, ಸಕ್ಕರೆ 130 ಗ್ರಾಂ, ವಾಸನೆಯಿಲ್ಲದ ಎಣ್ಣೆ 100 ಮಿಲಿ (ನಾನು ಬಳಸುವುದು ಸೂರ್ಯಕಾಂತಿ), ಮೊಟ್ಟೆ ಎರಡು, ತುಸು ಹುಳಿಯಾದ ಗಟ್ಟಿ ಮೊಸರು 150 ಗ್ರಾಂ, ಹಾಲು 60 ಮಿಲಿ. ಬೇಕಿಂಗ್ ಪೌಡರ್ 2 ಟೀ ಚಮಚ, ಅಡುಗೆ ಸೋಡಾ ಕಾಲು, ಉಪ್ಪು ಅರ್ಧ, ಚಕ್ಕೆ ಪುಡಿ ಒಂದೂವರೆ ಟೀ ಚಮಚ. ಬೇಕಿದ್ದರೆ ಚಿಟಿಕೆ ಜಾಯಿಕಾಯಿ. ಸಿಪ್ಪೆ, ಬೀಜ ತೆಗೆದು ಹೆಚ್ಚಿದ ಸೇಬು 220 ಗ್ರಾಂ, ಅಂದರೆ ಮಧ್ಯಮ ಗಾತ್ರದ ಎರಡು ಹಣ್ಣು. ಚಮಚಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ತೂಕಕ್ಕೆ ಹಾಕಿ. ಮೈದಾವನ್ನು ಕಪ್ಪಿಗೆ ಒತ್ತಿ ತುಂಬಿದರೆ 150 ಗ್ರಾಂ ಆಗಬಹುದು, ಸಡಿಲವಾಗಿ ತುಂಬಿದರೆ 120. ಆ ವ್ಯತ್ಯಾಸವೊಂದೇ ಮಫಿನ್ ಒಣಗಲು ಸಾಕು.

ಬೇಕಿಂಗ್ ಪೌಡರ್ ಬಗ್ಗೆ ಒಂದು ಮಾತು. ಮಂಗಳೂರು, ಕಾರವಾರದಲ್ಲಿ ಮೇಲಿನ ಅಳತೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಸ್ವಲ್ಪ ಮೇಲಿದೆ, ಮಡಿಕೇರಿ 1,100 ಮೀಟರ್ ದಾಟುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಗುಳ್ಳೆಗಳು ಬೇಗ ಹಿಗ್ಗುತ್ತವೆ, ಹಿಟ್ಟು ಬೆಂದು ಗಟ್ಟಿಯಾಗುವ ಮುನ್ನವೇ ಒಡೆದು ಕುಸಿಯುತ್ತವೆ. ಬೆಂಗಳೂರಿನಲ್ಲಿ ಒಂದೂಮುಕ್ಕಾಲು ಚಮಚ, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಒಂದೂವರೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಉಬ್ಬುತ್ತದೆ ಅನ್ನುವ ನಂಬಿಕೆ ಬಿಡಬೇಕು. ಹೆಚ್ಚಾದರೆ ನಡುವೆ ಗುಳಿ, ನಾಲಿಗೆಗೆ ಲೋಹದಂಥ ಕಹಿ. ಡಬ್ಬಿ ಹಳೆಯದಾಗಿದ್ದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ. ಭರ್ರನೆ ನೊರೆ ಏಳದಿದ್ದರೆ ಎಸೆಯಿರಿ.

ಇನ್ನು ಸೇಬು. ತುರಿಯಬೇಡಿ. ತುರಿದರೆ ನೀರೆಲ್ಲ ಒಮ್ಮೆಗೇ ಹಿಟ್ಟಿಗೆ ಇಳಿಯುತ್ತದೆ, ಬಾಯಿಗೆ ಹಣ್ಣೂ ಸಿಗುವುದಿಲ್ಲ. ಸೆಂಟಿಮೀಟರ್‌ಗಿಂತ ತುಸು ಸಣ್ಣ ಚೌಕ ಹೋಳು ಮಾಡಿ. ದೊಡ್ಡ ಹೋಳು ಬೇಯುವಾಗ ಆವಿ ಬಿಟ್ಟು ತನ್ನ ಸುತ್ತಲಿನ ಹಿಟ್ಟನ್ನು ಹಸಿಯಾಗಿಯೇ ಉಳಿಸುತ್ತದೆ. ಸಿಪ್ಪೆ ತೆಗೆಯಲೇಬೇಕು: ಕೆಂಪು ಡೆಲಿಷಿಯಸ್‌ನ ಸಿಪ್ಪೆ ಬೆಂದ ಮೇಲೆ ಸುರುಳಿಯಾಗಿ ಹಲ್ಲಿಗೆ ಸಿಕ್ಕುತ್ತದೆ, ಮೇಲೆ ಮೇಣ ಬಳಿದಿದ್ದರೆ ಅದೂ ಹೋಗುತ್ತದೆ. ಹೋಳಿಗೆ ಎರಡು ಟೀ ಚಮಚ ನಿಂಬೆರಸ, ಅಳೆದಿಟ್ಟ ಸಕ್ಕರೆಯಲ್ಲೇ ಒಂದು ದೊಡ್ಡ ಚಮಚ, ಚಕ್ಕೆ ಪುಡಿಯಲ್ಲಿ ಅರ್ಧ ಚಮಚ ಬೆರೆಸಿ ಜರಡಿಯಲ್ಲಿ ಹದಿನೈದು ನಿಮಿಷ ಬಿಡಿ, ಕೆಳಗೊಂದು ಬಟ್ಟಲಿರಲಿ. ಇಳಿದ ರಸವನ್ನು ಚೆಲ್ಲಬೇಡಿ. ಅದಕ್ಕೆ ಹಾಲು ಸೇರಿಸಿ ಒಟ್ಟು 60 ಮಿಲಿ ಮಾಡಿಕೊಳ್ಳಿ. ಸೇಬಿನ ಪರಿಮಳ ಹಿಟ್ಟಿನೊಳಗೆ ಬರುವುದು ಇದರಿಂದ, ನೀರೂ ಲೆಕ್ಕಕ್ಕೆ ಸಿಕ್ಕಂತಾಯಿತು.

ಕೋಲ್ಡ್ ಸ್ಟೋರೇಜ್‌ನ ಪುಡಿಪುಡಿ ಹಣ್ಣಾದರೆ ಈ ಉಪಾಯ ಸಾಲದು. ಅಗಲ ಬಾಣಲೆಯಲ್ಲಿ ಒಂದು ಟೀ ಚಮಚ ಬೆಣ್ಣೆ ಹಾಕಿ, ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು ನೀರು ಆರಿಸಿ. ಪೂರ್ತಿ ತಣ್ಣಗಾಗದೆ ಹಿಟ್ಟಿಗೆ ಹಾಕಬೇಡಿ, ಬಿಸಿ ತಾಗಿದರೆ ಬೇಕಿಂಗ್ ಪೌಡರ್ ಪಾತ್ರೆಯಲ್ಲೇ ಕೆಲಸ ಮುಗಿಸಿಬಿಡುತ್ತದೆ.

ಕಲಸುವ ಮುನ್ನ ಓವನ್ ಹಚ್ಚಿ. ಸಾಮಾನ್ಯ ಓಟಿಜಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) 1,500 ವಾಟ್ ಅಂದರೆ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಮಿಕ್ಸಿಯ ಸಣ್ಣ ಪಾಯಿಂಟ್‌ಗೆ ಸಿಕ್ಕಿಸದೆ ಗೀಸರ್, ಎಸಿಗೆ ಬಳಸುವ 16 ಆಂಪಿಯರ್ ಪಾಯಿಂಟ್‌ಗೆ ಹಾಕಿ. ಮೇಲಿನ, ಕೆಳಗಿನ ಎರಡೂ ರಾಡ್ ಹಚ್ಚಿ 200 ಡಿಗ್ರಿಗೆ ಹದಿನೈದು ನಿಮಿಷ ಕಾಯಲಿ. ದೀಪ ಆರಿದ ಕೂಡಲೇ ಒಳಗಿಡುವ ಆತುರ ಬೇಡ, ಆಗ ಗಾಳಿ ಕಾದಿರುತ್ತದೆ, ಗೋಡೆ ಕಾದಿರುವುದಿಲ್ಲ. ಓಟಿಜಿಯ ಗುಂಡಿ ತೋರಿಸುವ ಬಿಸಿಯೂ ನಿಜವಾದ ಬಿಸಿಯೂ ಒಂದೇ ಆಗಿರುವುದು ಅಪರೂಪ, ಒಳಗಿಡುವ ಓವನ್ ಥರ್ಮಾಮೀಟರ್ ಕೊಂಡರೆ ಬಹಳ ಗೊಂದಲ ತಪ್ಪುತ್ತದೆ. ಅಂದಹಾಗೆ, ಹನ್ನೆರಡು ಗುಳಿಯ ಟ್ರೇ ಸಣ್ಣ ಓಟಿಜಿಗಳಿಗೆ ಹಿಡಿಸುವುದಿಲ್ಲ. ಕೊಳ್ಳುವ ಮುನ್ನ ಒಳಗಿನ ಅಗಲ ಅಳೆಯಿರಿ. ಆರು ಗುಳಿಯದಾದರೆ ಎರಡು ಸಲ ಇಡಬೇಕು. ಉಳಿದ ಹಿಟ್ಟು ಅರ್ಧ ಗಂಟೆ ಕಾದರೆ ದೊಡ್ಡ ನಷ್ಟವಿಲ್ಲ, ಆದರೆ ನಡುವೆ ಅದನ್ನು ಮತ್ತೆ ಕಲಕಬಾರದು.

ಒಂದು ಪಾತ್ರೆಯಲ್ಲಿ ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಉಳಿದ ಚಕ್ಕೆ ಪುಡಿ ಜರಡಿ ಹಿಡಿಯಿರಿ. ಇನ್ನೊಂದರಲ್ಲಿ ಮೊಟ್ಟೆ, ಸಕ್ಕರೆ ಚೆನ್ನಾಗಿ ಕದಡಿ, ಎಣ್ಣೆ, ಮೊಸರು, ಹಾಲು-ರಸ ಸೇರಿಸಿ. ಫ್ರಿಜ್‌ನಿಂದ ಆಗತಾನೇ ತೆಗೆದ ಮೊಟ್ಟೆ, ಮೊಸರು ಬೇಡ. ತಣ್ಣನೆಯ ಹಿಟ್ಟು ಬೇಯಲು ತಡ ಮಾಡುತ್ತದೆ, ಅಷ್ಟರಲ್ಲಿ ಮೇಲ್ಭಾಗ ಕಪ್ಪಾಗುತ್ತದೆ. ಈಗ ಒದ್ದೆಯದನ್ನು ಒಣಗಿದ್ದರ ಮೇಲೆ ಸುರಿದು ಸ್ಪ್ಯಾಚುಲಾದಿಂದ ಕೆಳಗಿನಿಂದ ಮೇಲಕ್ಕೆ ಮಗುಚಿ. ಹತ್ತು ಹನ್ನೆರಡು ಸಲ, ಅಷ್ಟೇ. ಒಣ ಹಿಟ್ಟಿನ ಗೆರೆ ಇನ್ನೂ ಕಾಣುವಾಗಲೇ, ಮೇಲಿಡಲು ಒಂದಿಷ್ಟು ಹೋಳು ಉಳಿಸಿಕೊಂಡು, ಸೇಬು ಹಾಕಿ ನಾಲ್ಕು ಸಲ ಮಗುಚಿ ಕೈಬಿಡಿ. ದೋಸೆ ಹಿಟ್ಟು ಕಲಸಿ ಪಳಗಿದ ಕೈ ಗಂಟು ಕಂಡರೆ ಸುಮ್ಮನಿರುವುದಿಲ್ಲ, ಇಲ್ಲಿ ಸುಮ್ಮನಿರಬೇಕು. ಸಣ್ಣ ಗಂಟುಗಳು ಓವನ್‌ನಲ್ಲಿ ತಾವೇ ಕರಗುತ್ತವೆ. ಕದಡುತ್ತ ಹೋದರೆ ಮೈದಾದಲ್ಲಿ ಜಿಗುಟು ಬೆಳೆದು, ಮಫಿನ್ ಗೋಪುರದಂತೆ ಚೂಪಾಗಿ ಎದ್ದು, ಕುಯ್ದಾಗ ಒಳಗೆ ಮೇಲ್ಮುಖವಾದ ಸುರಂಗಗಳು ಕಾಣುತ್ತವೆ. ತಿಂದರೆ ರಬ್ಬರು.

ಹಿಟ್ಟು ಸುರಿಯುವಂತಿರಬಾರದು, ಚಮಚದಿಂದ ದಪ್ಪನೆ ಜಾರಿ ಬೀಳಬೇಕು. ಹೋಳು ತಳಕ್ಕಿಳಿಯದಂತೆ ಮೈದಾದಲ್ಲಿ ಹೊರಳಿಸಬೇಕು ಅನ್ನುತ್ತಾರೆ. ಹಿಟ್ಟು ತೆಳ್ಳಗಿದ್ದರೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ, ದಪ್ಪಗಿದ್ದರೆ ಅದರ ಅಗತ್ಯವೇ ಇಲ್ಲ. ಪ್ರತಿ ಗುಳಿಗೆ ಸುಮಾರು 80 ಗ್ರಾಂ, ಮುಕ್ಕಾಲಿಗಿಂತ ತುಸು ಮೇಲೆ. ಮೇಲೆ ಉಳಿಸಿಕೊಂಡ ನಾಲ್ಕಾರು ಹೋಳು ಇಟ್ಟು ಸ್ವಲ್ಪ ಸಕ್ಕರೆ ಉದುರಿಸಿದರೆ ಗರಿಯಾದ ಪದರ ಬರುತ್ತದೆ.

ನಡುವಿಗಿಂತ ಒಂದು ಹಂತ ಕೆಳಗಿನ ಜಾಗದಲ್ಲಿಡಿ, ಓಟಿಜಿಯಲ್ಲಿ ಮೇಲಿನ ರಾಡ್ ಬಹಳ ಹತ್ತಿರ. 200 ಡಿಗ್ರಿಯಲ್ಲಿ ಏಳು ನಿಮಿಷ, ಆಮೇಲೆ ಬಾಗಿಲು ತೆರೆಯದೆ 175ಕ್ಕೆ ಇಳಿಸಿ ಇನ್ನು ಹದಿಮೂರರಿಂದ ಹದಿನೈದು ನಿಮಿಷ. ಮೊದಲಿನ ಜೋರು ಬಿಸಿಯಿಂದ ತಲೆ ಗುಂಡಗೆ ಏಳುತ್ತದೆ, ಆಮೇಲಿನ ಕಡಿಮೆ ಬಿಸಿಯಲ್ಲಿ ಹೋಳಿನ ಸುತ್ತಲೂ ಬೇಯುತ್ತದೆ. ಕಪ್ಪು ನಾನ್‌ಸ್ಟಿಕ್ ಟ್ರೇ ಆದರೆ ಹತ್ತು ಡಿಗ್ರಿ ಕಡಿಮೆ. ಸಿಲಿಕೋನ್ ಅಚ್ಚಿನಲ್ಲಿ ಬದಿ ಬಿಳಿಚಿಕೊಂಡೇ ಇರುತ್ತದೆ, ನನಗೆ ಅದು ಹಿಡಿಸುವುದಿಲ್ಲ. ಮೇಲೆ ಬೇಗ ಕಪ್ಪಾಗುತ್ತಿದ್ದರೆ ಹದಿನೈದು ನಿಮಿಷದ ನಂತರ ಫಾಯಿಲ್ ಹೊದಿಸಿ. ಟೂತ್‌ಪಿಕ್ ಚುಚ್ಚಿ ನೋಡುವಾಗ ಎರಡು ಮೂರು ಕಡೆ ಚುಚ್ಚಿ. ಹೋಳಿಗೆ ತಾಗಿದರೆ ಒದ್ದೆಯಾಗಿಯೇ ಬರುತ್ತದೆ, ಅದನ್ನು ನಂಬಿ ಹೆಚ್ಚು ಬೇಯಿಸಿದರೆ ಒಣಗಿಹೋಗುತ್ತದೆ.

ಟ್ರೇಯಲ್ಲಿ ಐದು ನಿಮಿಷ ಮಾತ್ರ ಬಿಟ್ಟು ಜಾಲರಿಗೆ ಎತ್ತಿಡಿ. ಹೆಚ್ಚು ಹೊತ್ತು ಬಿಟ್ಟರೆ ಆವಿ ತಳದಲ್ಲೇ ನೀರಾಗುತ್ತದೆ. ಗುಳಿಯಲ್ಲಿ ಕಾಗದದ ಕಪ್ ಇಟ್ಟಿದ್ದರೆ, ಅದು ಮಫಿನ್‌ಗೆ ಅಂಟಿಕೊಂಡು ಬರುವುದು ಸಾಮಾನ್ಯವಾಗಿ ಬಿಸಿಯಲ್ಲಿ ಬಿಡಿಸಿದಾಗ, ಇಲ್ಲವೇ ಎಣ್ಣೆ ಕಡಿಮೆ ಮಾಡಿದಾಗ. ಆರೋಗ್ಯದ ಹೆಸರಿನಲ್ಲಿ ಎಣ್ಣೆಯನ್ನು ಅರ್ಧ ಮಾಡಿದರೆ ಕಾಗದದ ಜೊತೆ ಅರ್ಧ ಮಫಿನ್ ಹೋಗುತ್ತದೆ.

ಮೊಟ್ಟೆ ತಿನ್ನದ ಮನೆಯಲ್ಲಿ ಮೊಸರು 220 ಗ್ರಾಂ, ಹಾಲು-ರಸ ಸೇರಿ 40 ಮಿಲಿ, ಸೋಡಾ ಅರ್ಧ ಚಮಚ, ಬೇಕಿಂಗ್ ಪೌಡರ್ ಒಂದೂವರೆ ಚಮಚ. ಬಣ್ಣ ಕಡಿಮೆ ಬರುತ್ತದೆ, ಮೂರು ನಾಲ್ಕು ನಿಮಿಷ ಹೆಚ್ಚು ಬೇಕು. ಗೋಧಿ ಹಿಟ್ಟು ಬೇಕೆನ್ನುವವರು ಅರ್ಧಕ್ಕರ್ಧ ಹಾಕಿ. ಗಿರಣಿಯ ಹಿಟ್ಟು ನೀರು ಹೆಚ್ಚು ಕುಡಿಯುವುದರಿಂದ ಎರಡು ಮೂರು ದೊಡ್ಡ ಚಮಚ ಹಾಲು ಸೇರಿಸಿ, ಬೇಯಿಸುವ ಮುನ್ನ ಹತ್ತು ನಿಮಿಷ ಬಿಡಿ. ಬೆಲ್ಲ ಮಾತ್ರ ಸಕ್ಕರೆಯ ಕಾಲು ಭಾಗ ಮೀರದಿರಲಿ. ಪೂರ್ತಿ ಬೆಲ್ಲದ ಮಫಿನ್ ಚೆನ್ನಾಗಿಯೇ ಇರುತ್ತದೆ, ಆದರೆ ಅದರಲ್ಲಿ ಸೇಬು ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಓವನ್ ಇಲ್ಲದಿದ್ದರೆ ಪಡ್ಡು ಕಾವಲಿ ಸಾಕು. ಸೇಬನ್ನು ಇನ್ನೂ ಸಣ್ಣಗೆ ಹೆಚ್ಚಿ, ಗುಳಿಗೆ ಎಣ್ಣೆ ಸವರಿ, ಮುಕ್ಕಾಲು ತುಂಬಿ, ಸಣ್ಣ ಉರಿಯಲ್ಲಿ ಮುಚ್ಚಿ ನಾಲ್ಕೈದು ನಿಮಿಷ, ತಿರುವಿ ಮತ್ತೆರಡು ಮೂರು ನಿಮಿಷ. ಸಕ್ಕರೆ ಇರುವುದರಿಂದ ಬೇಗ ಸೀಯುತ್ತದೆ, ಕಾವಲಿ ತೆಳ್ಳಗಿದ್ದರೆ ಕೆಳಗೆ ದೋಸೆ ಹಂಚು ಇಡಿ.

ಮಾಡಿದ ದಿನಕ್ಕಿಂತ ಮರುದಿನ ಚಕ್ಕೆಯ ಘಮ ಚೆನ್ನಾಗಿ ಕೂಡಿಕೊಂಡಿರುತ್ತದೆ. ಡಬ್ಬಿಯಲ್ಲಿ ಮೇಲೂ ಕೆಳಗೂ ಟಿಶ್ಯೂ ಹಾಸಿ, ಇಲ್ಲದಿದ್ದರೆ ತಲೆ ಅಂಟಂಟಾಗುತ್ತದೆ. ಬೆಂಗಳೂರಿನ ಹವೆಗೆ ಎರಡು ದಿನ ಹೊರಗಿಡಬಹುದು, ಕರಾವಳಿಯ ಸೆಕೆಗೆ ಒಂದೇ ದಿನ. ಫ್ರಿಜ್‌ನಲ್ಲಿಟ್ಟರೆ ಬೇಗ ಗಟ್ಟಿಯಾಗುತ್ತದೆ, ತಿನ್ನುವ ಮುನ್ನ ಬಿಸಿ ಮಾಡಲೇಬೇಕು. ಹೆಚ್ಚಾದದ್ದನ್ನು ಒಂದೊಂದಾಗಿ ಸುತ್ತಿ ಫ್ರೀಜರ್‌ಗೆ ಹಾಕುವುದು ಮೇಲು. ಎರಡು ತಿಂಗಳು ರುಚಿ ಕೆಡುವುದಿಲ್ಲ. ತೆಗೆದು ಸುತ್ತಿದ ಹಾಗೆಯೇ ಎರಡು ಗಂಟೆ ಹೊರಗಿಟ್ಟು, 160 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿದರೆ ಮೇಲಿನ ಗರಿಯೂ ಮರಳುತ್ತದೆ. ಮೈಕ್ರೋವೇವ್ ಆದರೆ ಇಪ್ಪತ್ತು ಸೆಕೆಂಡ್ ಸಾಕು, ಗರಿ ಮಾತ್ರ ಸಿಗದು.