ಬೋಳು ಟೊಂಗೆ ನೋಡಿ ಗಿಡ ಗುರುತಿಸುವುದು

ಎಲೆ ಉದುರಿದ ಮೇಲೆ ಗಿಡದ ಗುರುತು ಸಿಗುವುದಿಲ್ಲ ಎನ್ನುವವರು ಬಹಳ. ಎಲೆ ಮುಚ್ಚಿಟ್ಟಿದ್ದ ತೊಗಟೆ, ಮೊಗ್ಗು, ಒಣಕಾಯಿ ಕಣ್ಣಿಗೆ ಬೀಳುವುದೇ ಆಗ. ಧಾರವಾಡ, ಕಲಘಟಗಿ ಕಡೆ ಎಳ್ಳಮಾವಾಸ್ಯೆಯಿಂದ ಹೋಳಿಹುಣ್ಣಿಮೆವರೆಗೆ ಇದಕ್ಕೆ ಒಳ್ಳೆಯ ಕಾಲ. ನಮ್ಮಲ್ಲಿ ಎಲೆ ಉದುರಲು ಮುಖ್ಯ ಕಾರಣ ಚಳಿಯಲ್ಲ, ನೆಲದ ಹಸಿ ಆರುವುದು. ಹಾಗಾಗಿ ಕೆರೆದಂಡೆಯ ಗಿಡ ಇನ್ನೂ ಹಸಿರಾಗಿದ್ದರೆ ಬೇರೆ ಜಾತಿ ಎಂದುಕೊಳ್ಳಬೇಡಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, 30 ಸೆಂ.ಮೀ. ಸ್ಕೇಲು, ಒಂದು ವಹಿ ಸಾಕು.

ಮೊದಲು ಇಪ್ಪತ್ತು ಹೆಜ್ಜೆ ದೂರ ನಿಂತು ಆಕಾರ ನೋಡಿ. ಟೊಂಗೆಗಳು ಕಾಂಡದ ಸುತ್ತ ಅಡ್ಡಡ್ಡ ಹೊರಟು ಅಂತಸ್ತು ಅಂತಸ್ತಾಗಿ ಕಂಡರೆ ಬಹುಪಾಲು ಅದು ಬೂರಲ. ಎಳೆ ಕಾಂಡದಲ್ಲಿ ಬುಡ ದಪ್ಪಗಿನ ಮುಳ್ಳುಗಳಿರುತ್ತವೆ. ಹತ್ತಿರ ಹೋಗುವ ಮೊದಲು ಹೆಜ್ಜೇನು ಕಟ್ಟಿದೆಯೇ ಎಂದು ಮೇಲೆ ನೋಡಿ. ಕಪ್ಪು ತೊಗಟೆ ಮೊಸಳೆ ಬೆನ್ನಿನಂತೆ ಚೌಕಚೌಕವಾಗಿ ಒಡೆದಿದ್ದರೆ ಮತ್ತಿ. ಬೂದಿಬಿಳುಪಾಗಿ, ನುಣ್ಣಗಿದ್ದು, ಅಲ್ಲಲ್ಲಿ ಹಕ್ಕಳೆಯಾಗಿ ಕಳಚಿದ್ದರೆ ದಿಂಡಲ.

ನಿಜವಾದ ಸುಳಿವು ಟೊಂಗೆಯ ತುದಿಯಲ್ಲಿದೆ. ಸಾಗವಾನಿಯ ಎಳೆ ತುದಿಯನ್ನು ಬೆರಳುಗಳ ನಡುವೆ ಹೊರಳಿಸಿ: ನಾಲ್ಕು ಮೂಲೆ ತಾಗುತ್ತವೆ. ಎಲೆ ಕಳಚಿದ ಗುರುತುಗಳು ಎದುರುಬದುರು ಜೋಡಿಯಾಗಿರುತ್ತವೆ, ಮುಂದಿನ ಜೋಡಿ ಅದಕ್ಕೆ ಅಡ್ಡ. ಎಲೆ ಬೀಳುವ ಮೊದಲು ತೊಟ್ಟಿನ ಬುಡದಲ್ಲಿ ಬೆಂಡಿನಂಥ ಪದರ ಬೆಳೆದು ಗಾಯ ಮುಚ್ಚುತ್ತದೆ. ಲೆನ್ಸಿನಲ್ಲಿ ಅಲ್ಲಿ ಕಾಣುವ ಚುಕ್ಕೆಗಳು ನೀರು ಸಾಗಿದ ನಾಳಗಳ ತುದಿ. ಒಂದೇ ಗೆಣ್ಣು ನೋಡಿ ತೀರ್ಮಾನಿಸಬೇಡಿ. ಮೊಗ್ಗು ಮುರಿದು ಬಿದ್ದರೆ ಜೋಡಿ ಒಂಟಿಯಂತೆ ಕಂಡು ಮೋಸವಾಗುತ್ತದೆ. ನಾಲ್ಕೈದು ಗೆಣ್ಣು ನೋಡಿ. ತಲೆಯ ಮೇಲೆ ಒಣ ಹೂಗೊಂಚಲು, ಬುಡದಲ್ಲಿ ಕಾಗದದ ಬುಗ್ಗೆಯಂಥ ಕಾಯಿ ಸಿಕ್ಕರೆ ಸಾಗವಾನಿಯೇ.

ಮುತ್ತಲಕ್ಕೆ ಸೊಟ್ಟ ಕಾಂಡ; ಎಲೆ ಕಳಚಿದ ಗುರುತು ಜೋಡಿಯಲ್ಲ, ಗೆಣ್ಣಿಗೊಂದೇ. ಹೋಳಿಗೆ ಮುಂಚೆಯೇ ಮಖಮಲ್ಲಿನಂಥ ಕಪ್ಪುಕಂದು ಮೊಗ್ಗು ಗುಂಪಾಗಿ ಬರುತ್ತದೆ. ಕಕ್ಕೆಯನ್ನು ಮೊಳದುದ್ದದ ಕೋಲುಕಾಯಿಯೇ ಹೇಳುತ್ತದೆ.

ಹೊಸಬರು ಹೆಚ್ಚು ಎಡವುವುದು ಬದನಿಕೆಯಲ್ಲಿ, ಅಂದರೆ ಬೇರೆ ಗಿಡದ ಟೊಂಗೆಗೆ ಅಂಟಿ ಬದುಕುವ ಗಿಡದಲ್ಲಿ. ಬೋಳು ಗಿಡದಲ್ಲಿ ಒಂದೇ ಕಡೆ ಹಸಿರು ಪೊದೆ ಕಂಡರೆ ಚಿಗುರು ಎಂದು ಬರೆದುಬಿಡುತ್ತಾರೆ. ಆ ಎಲೆ ಹೊರಟ ಜಾಗ ಹುಡುಕಿ. ಟೊಂಗೆ ಅಲ್ಲಿ ಗಂಟಾಗಿ ಉಬ್ಬಿದ್ದರೆ ಅದು ಬದನಿಕೆ. ಬುಡದಲ್ಲಿ ಬಿದ್ದ ಎಲೆಯನ್ನೂ ಪೂರ್ತಿ ನಂಬಬೇಡಿ, ಗಾಳಿ ಪಕ್ಕದ ಗಿಡದ್ದನ್ನು ತಂದಿರಬಹುದು.

ಗಿಡ ಸತ್ತಿದೆಯೋ ಎಂಬ ಅನುಮಾನವಿದ್ದರೆ ಪೆನ್ಸಿಲ್ ದಪ್ಪದ ಟೊಂಗೆಯನ್ನು ಉಗುರಿನಿಂದ ಅರ್ಧ ಸೆಂ.ಮೀ. ಮಾತ್ರ ಕೆರೆಯಿರಿ. ಹಸಿರು ಕಂಡರೆ ಜೀವವಿದೆ. ಒಣಗಿದ್ದರೆ ಬೇರೆ ಎರಡು ಟೊಂಗೆ ನೋಡಿ; ಒಂದು ಟೊಂಗೆಯಷ್ಟೇ ಸತ್ತಿರಬಹುದು.

ಐದು ಗಿಡ ಆರಿಸಿ, ಪ್ರತಿಯೊಂದರ ಒಂದು ಟೊಂಗೆಗೆ ಹತ್ತಿ ದಾರ ಸಡಿಲವಾಗಿ ಕಟ್ಟಿ. ವಾರಕ್ಕೊಮ್ಮೆ ಅದೇ ಟೊಂಗೆ ನೋಡಿ ಎಲೆ, ಮೊಗ್ಗು, ಹೂವು, ಕಾಯಿ ಪ್ರತಿಯೊಂದಕ್ಕೂ ‘ಇಲ್ಲ, ಸ್ವಲ್ಪ, ತುಂಬಾ’ ಎಂದು ತಾರೀಖಿನೊಂದಿಗೆ ಬರೆಯಿರಿ. ಚಿಗುರು ಬಂದು ಟೊಂಗೆ ದಪ್ಪವಾಗುವ ಮೊದಲು ದಾರ ಬಿಚ್ಚಿ.