ಗ್ರಿಲ್ ಜಾಲರಿಯ ಆರೈಕೆ: ಚಿಕಾಗೋ ಸುತ್ತಮುತ್ತ ಹೊಸದಾಗಿ ಬಂದ ಕುಟುಂಬಗಳಿಗೆ

ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ. ಅವತ್ತಿನಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ತನಕ ನೇಪರ್‌ವಿಲ್ ಇರಲಿ, ಅರೋರಾ ಇರಲಿ, ಶಾಂಬರ್ಗ್ ಇರಲಿ, ಮನೆಮನೆಯ ಹಿತ್ತಲಲ್ಲೂ ಹೊಗೆ ಏಳುತ್ತದೆ. ನಮ್ಮವರೂ ಹಿಂದೆ ಬಿದ್ದಿಲ್ಲ. ಮುಸುಕಿನ ಜೋಳ, ಗೊಜ್ಜಿಗೆ ಬದನೆಕಾಯಿ, ಪನೀರ್, ಕೋಳಿ ಎಲ್ಲವೂ ಗ್ರಿಲ್ ಏರುತ್ತವೆ. ಊಟ ಮುಗಿದ ಮೇಲೆ ಜಾಲರಿಯ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಈ ಭಾಗ ಬರೆದಿರುವುದು ಅದಕ್ಕೇ. ಗ್ರಿಲ್ ಹಚ್ಚುವುದು ಹೇಗೆ, ಏನು ಬೇಯಿಸಬೇಕು ಅಂತ ಹೇಳಿಕೊಡುವುದು ಬೇಕಿಲ್ಲ, ಅದು ನಿಮಗೆ ಗೊತ್ತು.

ಇದು ಅಜ್ಜಿಯ ಹೆಂಚೇ

ಗ್ರಿಲ್ ಒಳಗಿನ ದಪ್ಪ ಕಂಬಿಯ ಜಾಲರಿಗೆ ಇಲ್ಲಿನವರು ಗ್ರೇಟ್ (grate) ಅನ್ನುತ್ತಾರೆ. ಅಂಗಡಿಯಲ್ಲಿ ಹಾಗೇ ಕೇಳಿ. ಭಾರವಾಗಿದ್ದರೆ ಅದು ಬಹುಮಟ್ಟಿಗೆ ಬೀಡು ಕಬ್ಬಿಣ. ಊರಲ್ಲಿ ದೋಸೆ ಹೆಂಚು ಅಂತೀವಲ್ಲ, ಕರಾವಳಿಯವರು ಕಾವಲಿ ಅಂತಾರಲ್ಲ, ಅದೇ ಜಾತಿ. ಹೆಂಚನ್ನು ಪಳಗಿಸಲು ಗೊತ್ತಿದ್ದವರಿಗೆ ಇದರಲ್ಲಿ ಕಲಿಯಬೇಕಾದ್ದು ಕಡಿಮೆ. ಎಣ್ಣೆ ಕಾದು ಕಬ್ಬಿಣಕ್ಕೆ ಕಚ್ಚಿಕೊಂಡು ಗಟ್ಟಿ ಕಪ್ಪು ಪದರ ಆಗುತ್ತದೆ. ತುಕ್ಕು ತಡೆಯುವುದೂ ಅದೇ, ಅಂಟದ ಹಾಗೆ ನೋಡಿಕೊಳ್ಳುವುದೂ ಅದೇ. ಇಷ್ಟು ತಿಳಿದ ನಾವೇ ಜಾಲರಿಯನ್ನು ಮಳೆಯಲ್ಲಿ ಬಿಟ್ಟು ಬರುತ್ತೇವೆ. ಹೆಂಚನ್ನು ಯಾರಾದರೂ ಅಂಗಳದಲ್ಲಿ ನೆನೆಯಲು ಬಿಡುತ್ತಾರಾ?

ಒಂದು ವಿಷಯ ಮೊದಲು ನೋಡಿಕೊಳ್ಳಿ. ಜಾಲರಿ ನಯವಾಗಿ, ಗಾಜಿನ ಹಾಗೆ ಹೊಳೆಯುತ್ತಿದ್ದರೆ ಬೀಡಿನ ಮೇಲೆ ಎನಾಮಲ್ ಲೇಪ ಇದೆ ಅಂತ ಅರ್ಥ. ಅದನ್ನು ಪಳಗಿಸುವುದು ಬೇಡ. ಅದಕ್ಕೆ ಲೋಹ ತಾಗಿಸಬೇಡಿ, ಕೆಳಗೆ ಬೀಳಿಸಬೇಡಿ. ಲೇಪ ಚಕ್ಕೆ ಎದ್ದರೆ ಆ ಜಾಗದಿಂದಲೇ ತುಕ್ಕು ಶುರು. ಒರಟಾಗಿ, ಹೊಳಪಿಲ್ಲದೆ ಬೂದು ಕಪ್ಪಾಗಿದ್ದರೆ ಬರಿ ಬೀಡು. ಮುಂದೆ ಬರೆದಿರುವುದೆಲ್ಲ ಬರಿ ಬೀಡಿನ ಮಾತು.

ಬಿಸಿ ಜಾಲರಿಗೆ ತಣ್ಣೀರು ಸುರಿಯಬೇಡಿ

ನಾವು ಬಂದ ಮೊದಲ ಬೇಸಿಗೆ. ಅಪಾರ್ಟ್‌ಮೆಂಟಿನ ಎಲ್ಲರಿಗೂ ಸೇರಿದ ಗ್ರಿಲ್. ಜೋಳ ಸುಟ್ಟು ಮುಗಿಸಿದ್ದೆವು. ದೋಸೆ ಹುಯ್ಯುವಾಗ ಹೆಂಚಿಗೆ ನೀರು ಚಿಮುಕಿಸುವ ಅಭ್ಯಾಸ ಕೈಯಲ್ಲೇ ಇತ್ತು. ಜಿಡ್ಡು ಜಾಸ್ತಿ ಇದೆ ಅಂತ ಚಿಮುಕಿಸುವ ಬದಲು ಒಂದು ಜಗ್ ತಣ್ಣೀರು ಸುರಿದೆ. ಚುಂಯ್ ಅಂತ ಹಬೆ ಎದ್ದಿತು, ಅದರ ನಡುವೆ ಟಕ್ ಅಂತ ಒಂದು ಸದ್ದು. ಹಬೆ ಆರಿದ ಮೇಲೆ ನೋಡಿದರೆ ಅಂಚಿನ ಕಂಬಿಯಿಂದ ಮೂರನೇ ಕಂಬಿ ತನಕ ಕೂದಲೆಳೆಯಷ್ಟು ಬಿರುಕು. ಮುಂದಿನ ವಾರ ಅಪಾರ್ಟ್‌ಮೆಂಟ್ ಆಫೀಸಿನಿಂದ ಕಾಗದ ಬಂತು. ಜಾಲರಿಯ ದುಡ್ಡು ಕೊಟ್ಟೆವು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು, ಅಕ್ಕಪಕ್ಕದ ಮನೆಯವರೆಲ್ಲ ಎರಡು ವಾರ ಗ್ರಿಲ್ ಇಲ್ಲದೆ ಕೂತರಲ್ಲ ಅಂತ.

ಬೀಡು ಕಬ್ಬಿಣದಲ್ಲಿ ಇಂಗಾಲ ಜಾಸ್ತಿ, ಶೇಕಡಾ 2ರಿಂದ 4ರಷ್ಟು. ಅದಕ್ಕೇ ಅದು ಗಟ್ಟಿ, ಆದರೆ ಬಾಗುವುದಿಲ್ಲ. ಒಂದು ಕಡೆ ತಟ್ಟನೆ ತಣ್ಣಗಾಗಿ ಕುಗ್ಗಿ, ಇನ್ನೊಂದು ಕಡೆ ಕೆಂಡದ ಹಾಗೇ ಇದ್ದರೆ ಸೀಳುತ್ತದೆ. ಕಾದ ಜಾಲರಿಯನ್ನು ತೆಗೆದು ಹಿಮದ ಮೇಲೆ ಇಡುವುದೂ ಇದೇ ತಪ್ಪು. ಹೋದ ವರ್ಷವೂ ಒಬ್ಬರು ಹೀಗೆ ಮಾಡಿದರು. ಈ ಮಾರ್ಗದರ್ಶಿಯನ್ನು ಅವರಿಗೆ ಮೊದಲೇ ಕೊಟ್ಟಿದ್ದೆವು. ದಯವಿಟ್ಟು ಓದಿ.

ಪ್ರತಿ ಸಲ ಊಟ ಆದ ಮೇಲೆ

ಗ್ರಿಲ್ ಇನ್ನೂ ಬಿಸಿ ಇರುವಾಗಲೇ ಉರಿ ಜೋರು ಮಾಡಿ, ಮುಚ್ಚಳ ಹಾಕಿ, 10ರಿಂದ 15 ನಿಮಿಷ ಬಿಡಿ. ಅಂಟಿದ್ದೆಲ್ಲ ಸುಟ್ಟು ಬೂದಿಯಾಗುತ್ತದೆ. ಉರಿ ಆರಿಸಿ. ಅಲ್ಯೂಮಿನಿಯಂ ಹಾಳೆಯನ್ನು ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಮಾಡಿ, ಉದ್ದ ಇಕ್ಕಳದಲ್ಲಿ ಹಿಡಿದು ಕಂಬಿಗಳ ಉದ್ದಕ್ಕೂ ಉಜ್ಜಿ. ಮರದ ಸ್ಕ್ರೇಪರ್ ಇದ್ದರೆ ಇನ್ನೂ ಒಳ್ಳೆಯದು. ಹತ್ತು ಸಲ ಉಜ್ಜುವಷ್ಟರಲ್ಲಿ ಅದರ ತುದಿಯಲ್ಲಿ ಕಂಬಿಯ ಅಚ್ಚು ತಾನೇ ಬೀಳುತ್ತದೆ. ಆಮೇಲೆ ಅದು ಆ ಜಾಲರಿಗೇ ಹೊಂದಿಕೊಂಡುಬಿಡುತ್ತದೆ.

ಕೊನೆಯದು ಈರುಳ್ಳಿ. ಅರ್ಧ ಈರುಳ್ಳಿಯನ್ನು ಉದ್ದ ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ತಿಕ್ಕಿ. ಇಲ್ಲಿನ ಗ್ರಿಲ್ ಪ್ರಿಯರೂ ಇದನ್ನೇ ಹೇಳುತ್ತಾರೆ. ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ನಮ್ಮ ಪಕ್ಕದ ಮನೆಯ ಅಮೆರಿಕನ್ ಹಿರಿಯರು ನಾನು ಹೀಗೆ ತಿಕ್ಕುವುದನ್ನು ಕಂಡು ಎಲ್ಲಿ ಕಲಿತೆ ಅಂತ ಕೇಳಿದರು. ನಮ್ಮ ಅಮ್ಮನ ದೋಸೆ ಹೆಂಚಿನ ಮುಂದೆ ಅಂದೆ.

ಜಿಡ್ಡನ್ನು ಹಾಗೇ ಬಿಟ್ಟು ಮುಂದಿನ ಸಲ ಕಾಯಿಸುವಾಗ ಉಜ್ಜಿದರೆ ಸಾಕು ಅನ್ನುವವರೂ ಇದ್ದಾರೆ. ಬರಿ ಉಪ್ಪು ಮೆಣಸು ಹಾಕಿ ಬೇಯಿಸುವವರಿಗೆ ಅದು ಸರಿಹೋಗಬಹುದು. ನಾವು ಮೊಸರು, ನಿಂಬೆ, ಹುಣಸೆ ಕಲಸಿ ಮಸಾಲೆ ಸವರುವವರು. ಹುಳಿ ಪಳಗಿದ ಪದರವನ್ನು ತಿನ್ನುತ್ತದೆ, ಜೊತೆಗೆ ಉಪ್ಪು ತೇವ ಹಿಡಿದುಕೊಳ್ಳುತ್ತದೆ. ಜುಲೈ ತಿಂಗಳ ಇಲ್ಲಿನ ಸೆಕೆಯಲ್ಲಿ ಎರಡೇ ದಿನಕ್ಕೆ ಕೆಂಪು ಚುಕ್ಕಿ ಕಾಣುತ್ತದೆ. ಅವತ್ತೇ ಉಜ್ಜಿಬಿಡಿ.

ಸೋಪು ಹಾಕಬಾರದು ಅನ್ನುವುದು ಹಳೇ ಕಾಲದ ಕಟು ಕ್ಷಾರದ ಸೋಪಿನ ಮಾತು. ಈಗಿನ ಪಾತ್ರೆ ಸೋಪು ಎರಡು ಹನಿ ಹಾಕಿ, ತಣ್ಣಗಾದ ಜಾಲರಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿದರೆ ಏನೂ ಆಗುವುದಿಲ್ಲ. ನೆನೆಹಾಕಬೇಡಿ. ಡಿಶ್‌ವಾಶರ್ ಬೇಡವೇ ಬೇಡ. ಓವನ್‌ನ ಸೆಲ್ಫ್ ಕ್ಲೀನ್ ಗುಂಡಿಯೂ ಬೇಡ, ಆ ಬಿಸಿಗೆ ಪದರ ಪೂರ್ತಿ ಸುಟ್ಟುಹೋಗುತ್ತದೆ, ಜಾಲರಿಯೂ ಸೀಳಬಹುದು.

ತಂತಿ ಬ್ರಷ್ಷು ಮನೆಗೆ ತರಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಪ್ರತಿ ಅಂಗಡಿಯಲ್ಲೂ ಗ್ರಿಲ್ ಪಕ್ಕದಲ್ಲೇ ಲೋಹದ ತಂತಿಯ ಬ್ರಷ್ಷು ನೇತುಹಾಕಿರುತ್ತಾರೆ. ಅಗ್ಗ, ಚೆನ್ನಾಗಿ ಉಜ್ಜುತ್ತದೆ. ಆದರೆ ಹಳೆಯದಾದಂತೆ ತಂತಿ ಉದುರುತ್ತದೆ, ಕಂಬಿಗೆ ಅಂಟುತ್ತದೆ, ಮುಂದಿನ ಸಲ ಊಟಕ್ಕೆ ಸೇರುತ್ತದೆ. 2012ರಲ್ಲಿ ಇಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಇದರ ಬಗ್ಗೆ ಎಚ್ಚರಿಕೆಯ ವರದಿ ಪ್ರಕಟಿಸಿತು. ರೋಡ್ ಐಲೆಂಡ್ ರಾಜ್ಯದಲ್ಲಿ ತಂತಿ ನುಂಗಿದವರಲ್ಲಿ ಕೆಲವರಿಗೆ ಗಂಟಲಿಗೆ ಚುಚ್ಚಿತ್ತು, ಕೆಲವರಿಗೆ ಕರುಳೇ ತೂತಾಗಿತ್ತು. ಮಿಸೌರಿ ವಿಶ್ವವಿದ್ಯಾಲಯದವರ ಅಂದಾಜಿನಲ್ಲಿ 2002ರಿಂದ 2014ರೊಳಗೆ ಈ ದೇಶದಲ್ಲಿ 1,600ಕ್ಕೂ ಹೆಚ್ಚು ಮಂದಿ ಇದೇ ಕಾರಣಕ್ಕೆ ಎಮರ್ಜೆನ್ಸಿಗೆ ಹೋಗಿದ್ದಾರೆ.

ನಮ್ಮ ಮಗಳಿಗೆ ಆಗ ಆರು ವರ್ಷ. ಜೋಳದ ತೆನೆಗೆ ಖಾರ ನಿಂಬೆ ಸವರಿ ಕೊಡಬೇಕು ಅಂತ ಕೈಯಲ್ಲಿ ಹಿಡಿದಿದ್ದೆ. ಎರಡು ಕಾಳಿನ ನಡುವೆ ಏನೋ ಮಿನುಗಿತು. ಜೋಳದ ಕೂದಲು ಅಂದುಕೊಂಡು ಎಳೆದರೆ ಬೆರಳಿಗೆ ಚುಚ್ಚಿತು. ಅರ್ಧ ಇಂಚಿನ ತಂತಿ. ಸಂಜೆ ಬೆಳಕು ಇನ್ನೊಂದು ಚೂರು ಮಬ್ಬಾಗಿದ್ದರೆ ನನಗೆ ಕಾಣುತ್ತಿರಲಿಲ್ಲ. ಆ ಬ್ರಷ್ಷು ಅವತ್ತೇ ಕಸಕ್ಕೆ ಹೋಯಿತು. ಪಾರ್ಕಿನ ಗ್ರಿಲ್ ಬಳಸುವಾಗ ಹಿಂದಿನವರು ಯಾವ ಬ್ರಷ್ಷಿನಲ್ಲಿ ಉಜ್ಜಿದ್ದರೋ ಗೊತ್ತಿರುವುದಿಲ್ಲ. ಒದ್ದೆ ಬಟ್ಟೆಯ ಉಂಡೆಯನ್ನು ಇಕ್ಕಳದಲ್ಲಿ ಹಿಡಿದು ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಮೇಲೆ ಜೋಳ ಇಡಿ.

ಪಳಗಿಸುವುದು

ಹೊಸ ಬೀಡು ಜಾಲರಿ ತಂದಾಗ, ತುಕ್ಕು ತೆಗೆದಾಗ, ಮತ್ತೆ ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ. ತೊಳೆದು, ಒರೆಸಿ, ಸಣ್ಣ ಉರಿಯಲ್ಲಿ ಪೂರ್ತಿ ಆರಿಸಿ. ಹಳೇ ಪಂಚೆ ಅಥವಾ ಬನಿಯನ್ ತುಂಡಿನಲ್ಲಿ ಎಣ್ಣೆ ಹಚ್ಚಿ. ಆಮೇಲೆ ಎಣ್ಣೆ ಹಚ್ಚಲೇ ಇಲ್ಲವೇನೋ ಅನ್ನುವಷ್ಟು ಒರೆಸಿ ತೆಗೆಯಿರಿ. ಮುಚ್ಚಳ ಹಾಕಿ 450 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ (ನಮ್ಮ ಲೆಕ್ಕದಲ್ಲಿ ಸುಮಾರು 230 ಸೆಲ್ಸಿಯಸ್) ಒಂದು ಗಂಟೆ ಬಿಡಿ. ಅಲ್ಲೇ ತಣ್ಣಗಾಗಲಿ. ಹೀಗೆ ಮೂರು ಸಲ.

ನಮ್ಮವರು ಎಡವುವುದು ಎಣ್ಣೆಯಲ್ಲಿ. ಪ್ರೀತಿಗೆ ಅಂತ ಧಾರಾಳವಾಗಿ ಸುರಿಯುತ್ತಾರೆ. ದಪ್ಪ ಹಚ್ಚಿದರೆ ಬೆಲ್ಲದ ಪಾಕದ ಹಾಗೆ ಅಂಟಂಟಾಗುತ್ತದೆ. ಕೊಬ್ಬರಿ ಎಣ್ಣೆ, ತುಪ್ಪ ಬೇಡ, ಅವು ಗಟ್ಟಿ ಪದರ ಕಟ್ಟುವುದಿಲ್ಲ. ಅಗಸೆ ಎಣ್ಣೆ ಗಟ್ಟಿಯಾಗುತ್ತದೆ, ಆದರೆ ಚಕ್ಕೆ ಏಳುತ್ತದೆ. ಕೆನೋಲಾ ಸಾಕು. ಮನೆಯೊಳಗಿನ ಓವನ್‌ನಲ್ಲಿ ಮಾಡಿದರೆ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆ. ಹೊರಗೆ ಗ್ರಿಲ್‌ನಲ್ಲೇ ಮಾಡಿ.

ತುಕ್ಕು ಹಿಡಿದಿದ್ದರೆ

ಎಸೆಯಬೇಡಿ. ಮೇಲೆ ಮೇಲೆ ಇದ್ದರೆ ಸ್ಟೀಲ್ ವುಲ್‌ನಲ್ಲಿ ಉಜ್ಜಿದರೆ ಸಾಕು. ಜಾಸ್ತಿ ಇದ್ದರೆ ಬಿಳಿ ವಿನೆಗರ್, ನೀರು ಸಮಸಮ ಹಾಕಿ ಅರ್ಧ ಗಂಟೆ ಮುಳುಗಿಸಿ, ಉಜ್ಜಿ ನೋಡಿ. ಬೇಕಾದರೆ ಇನ್ನರ್ಧ ಗಂಟೆ. ರಾತ್ರಿಯೆಲ್ಲ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತದೆ. ಸಣ್ಣ ಕಲೆಗೆ ಸಾರಿಗೆ ಹಿಂಡಿ ಉಳಿದ ಹುಣಸೆ ಚರಟ ಚೆನ್ನಾಗಿ ಕೆಲಸ ಮಾಡುತ್ತದೆ. ತೊಳೆದ ಕೂಡಲೇ ಉರಿಯ ಮೇಲೆ ಆರಿಸಿ ಎಣ್ಣೆ ಹಚ್ಚಿ. ಫೋನು ಬಂತು ಅಂತ ಹೋಗಿ ಬರುವಷ್ಟರಲ್ಲಿ ಮತ್ತೆ ಕೆಂಪಾಗಿರುತ್ತದೆ.

ಚಳಿಗಾಲಕ್ಕೆ

ಅಕ್ಟೋಬರ್ ಮುಗಿಯುವುದರೊಳಗೆ ಉಜ್ಜಿ, ತೆಳ್ಳಗೆ ಎಣ್ಣೆ ಹಚ್ಚಿ, ನ್ಯೂಸ್ ಪೇಪರ್ ಸುತ್ತಿ ಮನೆಯೊಳಗೆ ಒಣಗಿದ ಜಾಗದಲ್ಲಿ ಇಡಿ. ಹೊದಿಕೆ ಹಾಕಿದ್ದೇನೆ ಅಂತ ನೆಚ್ಚಬೇಡಿ. ಹೊದಿಕೆಯ ಒಳಗೂ ತೇವ ಕೂತಿರುತ್ತದೆ.

ಸಸ್ಯಾಹಾರಿಗಳ ಜಾಲರಿ

ನಮ್ಮ ಕನ್ನಡ ಕೂಟದಲ್ಲಿ ಎರಡು ಜೊತೆ ಜಾಲರಿ ಇವೆ. ಹಿಡಿಗೆ ಹಸಿರು ತಂತಿ ಸುತ್ತಿದ್ದು ತರಕಾರಿಗೆ ಮಾತ್ರ. ಸುಟ್ಟರೆ ಎಲ್ಲ ಹೋಗುತ್ತದಲ್ಲ ಅಂತ ವಾದ ಮಾಡಬೇಡಿ. ನಮ್ಮಲ್ಲಿ ಎಲ್ಲ ಥರದ ಮನೆಗಳವರೂ ಒಂದೇ ಮರದ ಕೆಳಗೆ ಕೂತು ಊಟ ಮಾಡುತ್ತಾರೆ. ಈ ಒಂದು ಜೊತೆ ಜಾಲರಿಯನ್ನು ಬೇರೆ ಇಟ್ಟಿರುವುದರಿಂದಲೇ ಅದು ಸಾಧ್ಯವಾಗಿದೆ. ಇಕ್ಕಳವೂ ಬೇರೆ, ಉಜ್ಜುವ ಸ್ಕ್ರೇಪರೂ ಬೇರೆ.

ಬೆಂಕಿ, ಗ್ಯಾಸು

- ಬಾಲ್ಕನಿಯಲ್ಲಿ ಗ್ರಿಲ್ ಇಡುವ ಮೊದಲು ಲೀಸ್ (ಮನೆ ಬಾಡಿಗೆ ಕರಾರು) ಓದಿ. ನಿಯಮ ಊರಿಂದ ಊರಿಗೆ ಬೇರೆ.
- ಕೆಳಗಿನ ಜಿಡ್ಡಿನ ತಟ್ಟೆ ಪ್ರತಿ ಸಲ ಖಾಲಿ ಮಾಡಿ. ಗ್ರಿಲ್ ಬೆಂಕಿಗೆ ದೊಡ್ಡ ಕಾರಣ ಶುಚಿ ಮಾಡದಿರುವುದು.
- ಸಿಲಿಂಡರ್ ಗರಾಜ್‌ನಲ್ಲಾಗಲಿ ಬೇಸ್‌ಮೆಂಟ್‌ನಲ್ಲಾಗಲಿ ಬೇಡ, ಹೊರಗೇ ಇರಲಿ.

ಕೊಳ್ಳಬೇಕಾದವು

ಮರದ ಸ್ಕ್ರೇಪರ್. ಉದ್ದ ಇಕ್ಕಳ ಎರಡು. ಬಿಸಿ ತಡೆಯುವ ಕೈಗವಸು. ಕೆನೋಲಾ ಎಣ್ಣೆ. ಸ್ಟೀಲ್ ವುಲ್. ಬಿಳಿ ವಿನೆಗರ್. ತೆಂಗಿನ ನಾರನ್ನು ಊರಿಂದ ಬರುವವರ ಹತ್ತಿರ ತರಿಸಿಕೊಳ್ಳಿ.

ಏಪ್ರಿಲ್ ಕೊನೆಯ ಶನಿವಾರ ಬೆಳಿಗ್ಗೆ ಕೂಟದ ಜಾಲರಿಗಳನ್ನು ಪಳಗಿಸುತ್ತೇವೆ. ನಿಮ್ಮ ಜಾಲರಿಯನ್ನೂ ತನ್ನಿ, ಜೊತೆಗೆ ಮಾಡೋಣ. ಹಳೇ ಹತ್ತಿ ಬಟ್ಟೆ ಇದ್ದರೆ ಮರೆಯದೆ ತನ್ನಿ, ಅದು ಯಾವಾಗಲೂ ಸಾಲುವುದಿಲ್ಲ. ಕೂಟದ ಪಿಕ್ನಿಕ್ ದಿನ ಸಂಜೆ ಉಜ್ಜುವುದಕ್ಕೆ ನಾಲ್ಕು ಜನ ಬೇಕು, ಹೋದ ಸಲ ಇಬ್ಬರೇ ಉಳಿದಿದ್ದೆವು. ಹೆಸರನ್ನು ಈಗಲೇ ಕೊಡಿ.